ಆ ರಟ್ಟಿನ ಮೇಲೆ ನಾಲ್ಕು ದಿನದ ಲೆಕ್ಕ ಇತ್ತು

ವರ್ಕ್‌ಶಾಪ್‌ನವರು ಆ ರಟ್ಟನ್ನು ಮಡಚಿ ಬೇರೆ ಯಾರದೋ ಕಾರಿನ ಕೆಳಗೆ ಹಾಕಿದರು. ಅಲ್ಲಿ ಆಯಿಲ್ ತೊಟ್ಟಿಕ್ಕುತ್ತಿತ್ತು. ನೆಲ ಹೊಲಸಾಗಬಾರದು ಅಂತ. ಮಧ್ಯಾಹ್ನದಿಂದ ಅದೊಂದೇ ಕಣ್ಣ ಮುಂದಿದೆ. ಊಟ ಸೇರಲಿಲ್ಲ. ರಾತ್ರಿ ಹನ್ನೊಂದಾಯಿತು, ಬರೆಯದೆ ನಿದ್ದೆ ಬರಲ್ಲ.

ಅದು ಕಸ ಅಲ್ಲ. ನನ್ನ ಕಾರಿಂದ ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಸೋರುತ್ತಿದೆ. ಎಲ್ಲಿಂದ ಅಂತ ಹಿಡಿಯಬೇಕಿತ್ತು. ಮಿಕ್ಸರ್ ಬಂದ ಡಬ್ಬವನ್ನು ಬಿಚ್ಚಿ, ಚಪ್ಪಟೆ ಮಾಡಿ, ನಾಲ್ಕು ರಾತ್ರಿ ಕಾರಿನ ಕೆಳಗೆ ಹಾಸಿದ್ದೆ. ಹಿಂದಿನ ಬಲಗಾಲಿ ಎಲ್ಲಿ, ಎಡಗಾಲಿ ಎಲ್ಲಿ ಅಂತ ಪೆನ್ನಲ್ಲಿ ಗುರುತು. ಬೆಳಿಗ್ಗೆ ಆರಕ್ಕೆ ಟಾರ್ಚ್ ಹಿಡಿದು ನೋಡಿದರೆ ಹತ್ತು ರೂಪಾಯಿ ನಾಣ್ಯದಷ್ಟು ಗುಲಾಬಿ ಕಲೆ. ನಾಲ್ಕು ದಿನ, ನಾಲ್ಕು ಕಲೆ, ಎಲ್ಲವೂ ಬಲಗಾಲಿಯ ಹತ್ತಿರವೇ. ಪಕ್ಕದಲ್ಲಿ ತಾರೀಖು ಬರೆದವನು ನಮ್ಮ ಅಕ್ಕನ ಮಗ. ಆರನೇ ಕ್ಲಾಸು. ಇಂದು ವರ್ಕ್‌ಶಾಪ್‌ಗೆ ಅವನೂ ಬಂದಿದ್ದ. ಇರೋದೇ ಎರಡು ಸೀಟಿನ ಕಾರು, ಇಡೋಕೆ ಜಾಗ ಇಲ್ಲ. ಟಿಳಕವಾಡಿಯಿಂದ ಅಲ್ಲಿಯ ತನಕ ರಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದ. ಕಲೆ ಅಳಿಸಬಾರದು ಅಂತ ಕೈ ಕೂಡ ತಾಗಿಸಲಿಲ್ಲ.

ಕೌಂಟರ್ ಮೇಲೆ ಇಟ್ಟೆ. ಮ್ಯಾನೇಜರ್ ನೋಡಿದರು.

"ಏನ್ರೀ ಸರ ಇದು?"

"ರಾತ್ರಿ ಗಾಡಿ ಕೆಳಗ ಹಾಸಿದ್ದೆ. ಕೂಲೆಂಟ್ ಬಿದ್ದ ಕಲೆ ನೋಡ್ರಿ. ದಿನಾ ಅದೇ ಜಾಗಾ."

ಅವರು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ನನ್ನ ಕಡೆಗಲ್ಲ. ಸೋಫಾದಲ್ಲಿ ಕುಳಿತಿದ್ದ ಐದಾರು ಗಿರಾಕಿಗಳ ಕಡೆಗೆ. "ಸರ್ ಮನ್ಯಾಗ ರಿಪೋರ್ಟ್ ತಯಾರ ಮಾಡ್ಕೊಂಡ ಬಂದಾರ. ಇನ್ನ ನಮ್ಮ ಮಷೀನ್ ಯಾಕ ಬೇಕು ಹೇಳ್ರಿ?" ಎಲ್ಲರೂ ನಕ್ಕರು. ಒಳಗೆ ಕೆಲಸ ಮಾಡುತ್ತಿದ್ದ ಹುಡುಗರೂ ನಕ್ಕರು. ಒಬ್ಬ ಸ್ಪ್ಯಾನರ್ ಕೆಳಗಿಟ್ಟು ಬಂದು ನೋಡಿ ಹೋದ.

"ಅದು ಎಸಿ ನೀರು ಸರ. ಎಲ್ಲಾ ಗಾಡಿಗೂ ಬೀಳತೈತಿ."

ಎಸಿ ನೀರಿಗೆ ಗುಲಾಬಿ ಬಣ್ಣ ಎಲ್ಲಿಂದ ಬರುತ್ತದೆ? ಈ ಜನವರಿ ಚಳಿಯಲ್ಲಿ ನಾನು ಎಸಿ ಹಾಕಿಯೇ ಇಲ್ಲ. ಅಷ್ಟು ಹೇಳಿದೆ. "ಸ್ಕ್ಯಾನರ್ ಹಚ್ಚಿ ನೋಡೀವಿ ಸರ, ಒಂದೂ ಎರರ್ ಇಲ್ಲ" ಅಂದರು. ಆಮೇಲೆ ರಟ್ಟನ್ನು ಹುಡುಗನೊಬ್ಬನ ಕೈಗೆ ಕೊಟ್ಟು ಆ ಕಾರಿನ ಕಡೆ ಬೆರಳು ತೋರಿಸಿದರು. ಅವನು ಮಡಚಿ ತಳ್ಳಿದ. ಮೊದಲ ಹನಿ ಆಯಿಲ್ ಸರಿಯಾಗಿ ತಾರೀಖಿನ ಮೇಲೆಯೇ ಬಿತ್ತು.

ನಾನು ಏನೂ ಅನ್ನಲಿಲ್ಲ. ಚೆಕಿಂಗ್ ಚಾರ್ಜ್ 3,000, ಜಿಎಸ್‌ಟಿ ಸೇರಿ 3,540. ಕಾರ್ಡ್ ಕೊಟ್ಟೆ. ಪಿನ್ ಒತ್ತಿದೆ. ಬಂದೆ.

ಗೋಗಟೆ ಸರ್ಕಲ್ ಸಿಗ್ನಲ್‌ನಲ್ಲಿ ನಿಂತಾಗ ಹುಡುಗ ಕೇಳಿದ. "ಮಾಮಾ, ಅವ್ರು ಯಾಕ ನಕ್ರು? ನಾ ತಾರೀಖು ತಪ್ಪ ಬರದಿದ್ನೇನು?"

ಅವನಿಗೆ ನಾನು ಏನು ಹೇಳಲಿ?

ಸ್ಕ್ಯಾನರ್ ಅಂತೆ. ಎಂಜಿನ್ ಎಷ್ಟು ಬಿಸಿ ಆಗಿದೆ ಅಂತ ಹೇಳುವ ಸೆನ್ಸರ್ ಇದೆ, ಒಪ್ಪುತ್ತೇನೆ. ಹೋಸ್ ಪೈಪಿನ ಕ್ಲಿಪ್ ಸಡಿಲಾಗಿದೆ ಅಂತ ಹೇಳುವ ಸೆನ್ಸರ್ ಯಾವ ಕಾರಲ್ಲಿದೆ? ಕಂಪ್ಯೂಟರ್‌ಗೆ ಗೊತ್ತಾಗುವಷ್ಟು ಕೂಲೆಂಟ್ ಕಡಿಮೆಯಾಗುವ ಹೊತ್ತಿಗೆ ಎಂಜಿನ್ ಕೈಬಿಡಲೂಬಹುದು. ವಾರಕ್ಕೆ 350 ಎಂಎಲ್ ನಾನು ಅಳೆದು ಅಳೆದು ಹಾಕುತ್ತಿದ್ದೇನೆ. ಅದು ಎಲ್ಲಿ ಹೋಗುತ್ತಿದೆ? ಗಾಳಿಗಂತೂ ಹೋಗಲ್ಲ, ಮುಚ್ಚಿದ ಸಿಸ್ಟಮ್ ಅದು.

ಇದೇ ವರ್ಕ್‌ಶಾಪ್‌ನವರು ನವೆಂಬರಿನಲ್ಲಿ ಏನಂದಿದ್ದರು ಗೊತ್ತಾ? ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಭಾಗಕ್ಕೂ ಕೆಳಭಾಗಕ್ಕೂ ನಡುವಿನ ಸೀಲ್) ಹೋಗಿದೆ, ಎಂಜಿನ್ ಇಳಿಸಬೇಕು, 2 ಲಕ್ಷ 60 ಸಾವಿರ. ಯಾವ ಪರೀಕ್ಷೆಯೂ ಇಲ್ಲದೆ ಬಾಯಿಮಾತಲ್ಲಿ. ಗ್ಯಾಸ್ಕೆಟ್ ಹೋದರೆ ಸಿಲಿಂಡರಿನ ಹೊಗೆ ಕೂಲೆಂಟಿಗೆ ಸೇರುತ್ತದೆ. ಅದನ್ನು ಹಿಡಿಯಲು ಒಂದು ನೀಲಿ ದ್ರವ ಸಿಗುತ್ತದೆ. ಕೂಲೆಂಟ್ ಟ್ಯಾಂಕಿನ ಬಾಯಿಗೆ ಹಿಡಿದು ಎಂಜಿನ್ ಓಡಿಸಬೇಕು, ಹೊಗೆ ಇದ್ದರೆ ಹಳದಿಗೆ ತಿರುಗುತ್ತದೆ. ನಾನೇ ತರಿಸಿ ಮೂರು ಸಲ ನೋಡಿದೆ. ಮೂರು ಸಲವೂ ನೀಲಿ. ಆಯಿಲ್ ಹಾಲಿನಂತಾಗಿಲ್ಲ. ಸೈಲೆನ್ಸರಿನಲ್ಲಿ ಬಿಳಿ ಹೊಗೆ ಇಲ್ಲ. ನವೆಂಬರಿನಲ್ಲಿ ಎರಡೂವರೆ ಲಕ್ಷದ ರೋಗ, ಜನವರಿಯಲ್ಲಿ ರೋಗವೇ ಇಲ್ಲ. ಎರಡರಲ್ಲಿ ಯಾವುದು ಸುಳ್ಳು, ಅದನ್ನಾದರೂ ಹೇಳಬೇಕಲ್ವಾ?

ಬಿಡಿ. ಅವರಿಗೂ ದಿನಕ್ಕೆ ಇಪ್ಪತ್ತು ಗಾಡಿ ಬರುತ್ತವೆ. ಹದಿನಾರು ವರ್ಷ ಹಳೆಯ ಕಾರಿನ ಹಿಂದೆ ಯಾರು ಕೂರುತ್ತಾರೆ. ಎಂಜಿನ್ ಸೀಟಿನ ಹಿಂದೆ, ರೇಡಿಯೇಟರ್ ಮುಂದೆ ಎರಡು, ನಡುವೆ ಹೊಟ್ಟೆಯ ಕೆಳಗೆ ಉದ್ದಕ್ಕೂ ಪೈಪು. ಸೋರಲು ಹತ್ತು ಜಾಗ ಇದೆ. ಮಾರಿಬಿಡೋಣ ಅಂತಲೂ ಅನಿಸಿತು.

ಇಲ್ಲ, ಮಾರಲ್ಲ. ಸೋರುವ ಕಾರನ್ನು ಸೋರಲ್ಲ ಅಂತ ಯಾರ ತಲೆಗೆ ಕಟ್ಟಲಿ? ನನಗೆ ಕಟ್ಟಿದ ಹಾಗೆ?

ಖಡೇಬಜಾರ್ ಕಡೆ ರೇಡಿಯೇಟರ್ ಕೆಲಸ ಮಾಡುವ ಕಾಕಾ ಒಬ್ಬರಿದ್ದಾರೆ. ಡಿಸೆಂಬರಿನಲ್ಲಿ ಎರಡೂ ರೇಡಿಯೇಟರ್ ಬಿಚ್ಚಿ ಅವರ ಹತ್ತಿರ ಒಯ್ದಿದ್ದೆ. ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಬಿಟ್ಟರು. ಒಂದು ಗುಳ್ಳೆ ಬರಲಿಲ್ಲ. ನೂರು ರೂಪಾಯಿ ತಗೊಂಡು ಒಂದು ಮಾತು ಹೇಳಿದರು. "ನಿಮ್ಮ ಗಾಡಿ ತಣ್ಣಗಿದ್ದಾಗ ಸೋರತೈತಿ. ಕಾದ ಮ್ಯಾಲ ಮುಚ್ಚಿಕೊಳ್ಳತೈತಿ. ಬಿಸಿ ಗಾಡಿ ನೋಡಿದ್ರ ಯಾರಿಗೂ ಸಿಗೂದಿಲ್ಲ."

ಇಷ್ಟೇ ವಿಷಯ. ಹಳೆಯ ರಬ್ಬರ್ ಹೋಸ್ ಗಟ್ಟಿಯಾಗಿರುತ್ತದೆ. ಚಳಿಗೆ ಕುಗ್ಗುತ್ತದೆ, ಕ್ಲಿಪ್ಪಿನ ಹಿಡಿತ ತಪ್ಪುತ್ತದೆ, ಒಂದೊಂದೇ ಹನಿ ಜಿನುಗುತ್ತದೆ. ಎಂಜಿನ್ ಕಾದರೆ ಎಲ್ಲಾ ಹಿಗ್ಗಿ ಮತ್ತೆ ಬಿಗಿಯಾಗುತ್ತದೆ. ಜಿನುಗಿದ್ದು ಜಾಸ್ತಿ ಕೆಳಗಿನ ಪ್ಲಾಸ್ಟಿಕ್ ತಟ್ಟೆಯಲ್ಲಿ ನಿಲ್ಲುತ್ತದೆ, ಎಂಜಿನ್ ಬಿಸಿಗೆ ಅಲ್ಲೇ ಒಣಗಿಹೋಗುತ್ತದೆ. ನೆಲಕ್ಕೆ ಬೀಳುವುದು ನಾಣ್ಯದಷ್ಟು ಮಾತ್ರ. ಬೆಳಗಾವಿಯಲ್ಲಿ ಈಗ ಬೆಳಿಗ್ಗೆ ಎಂಥ ಚಳಿ ಇದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನಾನು ಹತ್ತು ಕಿಲೋಮೀಟರ್ ಓಡಿಸಿಕೊಂಡು ವರ್ಕ್‌ಶಾಪ್‌ಗೆ ಹೋಗುತ್ತೇನೆ. ಅವರು ಆ ಬಿಸಿ ಎಂಜಿನ್ನಿಗೇ ಟಾರ್ಚ್ ಹಿಡಿದು ಏನೂ ಇಲ್ಲ ಅನ್ನುತ್ತಾರೆ.

ನಾನು ಕೇಳಿದ್ದು ಒಂದೇ. ಕಾರನ್ನು ರಾತ್ರಿ ಇಲ್ಲೇ ಬಿಡುತ್ತೇನೆ. ಪೂರ್ತಿ ತಣ್ಣಗಾಗಲಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಟ್ಯಾಂಕಿಗೆ ಕೈಪಂಪ್ ಕೂರಿಸಿ, ಮುಚ್ಚಳದ ಮೇಲೆ ಬರೆದಷ್ಟು, ಅಂದರೆ 1.4 ಬಾರ್ ಒತ್ತಡ ಹಾಕಿ. ಇಪ್ಪತ್ತು ನಿಮಿಷ ಪಂಪಿನ ಮೀಟರ್ ಮುಳ್ಳು ನೋಡಿ. ಇಳಿದರೆ ಸೋರುತ್ತಿದೆ. ಕೂಲೆಂಟಿಗೆ ಹೊಳೆಯುವ ಡೈ ಹಾಕಿ ಯುವಿ ಟಾರ್ಚ್ ಬಿಟ್ಟರೆ ಯಾವ ಕ್ಲಿಪ್ ಅಂತಲೂ ತೋರಿಸುತ್ತದೆ. "ಈ ಗಾಡಿಗೆ ಅಡಾಪ್ಟರ್ ಇಲ್ಲ ಸರ" ಅಂದರು. ಪಂಪನ್ನು ಟ್ಯಾಂಕಿನ ಬಾಯಿಗೆ ಕೂರಿಸುವ ತುಂಡು ಅದು. ಇಲ್ಲ ಅಂದರೆ ಇಲ್ಲ ಅನ್ನಿ, ನಾನು ಬೇರೆ ಕಡೆ ಹೋಗುತ್ತೇನೆ. ನಗುವುದು ಯಾಕೆ? ಮಗುವಿನ ಎದುರು ನಗುವುದು ಯಾಕೆ?

ಇದು ಶೋಕಿ ಅಂದುಕೊಳ್ಳುವವರಿಗೆ ಹೇಳುತ್ತೇನೆ. ಕಳೆದ ತಿಂಗಳು ಗೋವಾ ರಸ್ತೆಯ ಚೋರ್ಲಾ ಘಾಟ್ ಹತ್ತುವಾಗ ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರಿತು. ಕಣಕುಂಬಿ ಇನ್ನೂ ದೂರ. ತಿರುವಿನಲ್ಲಿ ನಿಲ್ಲಿಸಲು ಜಾಗ ಇಲ್ಲ, ಹಿಂದೆ ಲಾರಿ. ಕಿಟಕಿ ಇಳಿಸಿ ಹೀಟರ್ ಫುಲ್ ಹಾಕಿದೆ. ಎಂಜಿನ್ನಿನ ಬಿಸಿ ಆ ದಾರಿಯಲ್ಲಾದರೂ ಸ್ವಲ್ಪ ಹೊರಗೆ ಬರುತ್ತದೆ. ಪಕ್ಕದಲ್ಲಿ ನಮ್ಮ ಅವ್ವ. ಎಪ್ಪತ್ತು ವರ್ಷ. ಮುಖಕ್ಕೆ ಬಿಸಿಗಾಳಿ ಬಡಿಯುತ್ತಿದ್ದರೂ ಒಂದು ಮಾತಾಡದೆ ಸೆರಗು ಹಿಡಿದು ಕುಳಿತಿದ್ದಳು. ಅರ್ಧ ಗಂಟೆ ಆಮೇಲೆ ಜಾಗ ಸಿಕ್ಕು ನಿಲ್ಲಿಸಿದಾಗ ಯಾರೋ ಒಳ್ಳೆಯವರು ನೀರು ತಂದು ಮುಚ್ಚಳ ತೆಗೆಯಲು ಬಂದರು. ನಾನು ಕೈ ಹಿಡಿದು ತಡೆದೆ. ಒತ್ತಡದಲ್ಲಿರುವ ನೀರು 120 ಡಿಗ್ರಿಯಲ್ಲೂ ಕುದಿಯದೆ ನಿಂತಿರುತ್ತದೆ, ಮುಚ್ಚಳ ತೆಗೆದ ಕ್ಷಣ ಮುಖಕ್ಕೆ ಚಿಮ್ಮುತ್ತದೆ.

ಇನ್ನೊಂದು, ನಮ್ಮ ಓಣಿಯ ನಾಯಿಗಳು. ಕೂಲೆಂಟ್ ಸಿಹಿ. ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತವೆ. ದಿನಾ ಬೆಳಿಗ್ಗೆ ನೆಲ ತೊಳೆಯುವವನು ನಾನು. ಇಲ್ಲದ ಸೋರಿಕೆಯನ್ನು ಯಾರಾದರೂ ದಿನಾ ತೊಳೆಯುತ್ತಾರಾ?

ನನಗೆ ಜಾಸ್ತಿ ನೋವಾಗುವುದು ಇದು ಬೆಳಗಾವಿ ಅನ್ನುವುದಕ್ಕೆ. ಉದ್ಯಮಬಾಗದಲ್ಲಿ ಫೌಂಡ್ರಿ ಇವೆ, ಲೇಥ್ ಇವೆ, ಹೈಡ್ರಾಲಿಕ್ ಪಾರ್ಟ್ಸ್ ಮಾಡುವವರಿದ್ದಾರೆ. ಒತ್ತಡ ಹಾಕಿ ಸೋರುತ್ತದೋ ಇಲ್ಲವೋ ನೋಡುವುದು ಅವರಿಗೆ ದಿನದ ಕೆಲಸ. ಅಂಥ ಊರಲ್ಲಿ ಒಂದು ಟ್ಯಾಂಕಿನ ಮುಚ್ಚಳಕ್ಕೆ ಅಡಾಪ್ಟರ್ ಇಲ್ಲ ಅಂದರೆ ಹೇಗೆ ನಂಬಲಿ?

ಯಾರಾದರೂ ಉತ್ತರ ಕೊಡಿ. ಮೆಕ್ಯಾನಿಕ್ ಆಗಿರಲಿ, ಇಂಥ ಕಾರು ಇಟ್ಟವರಾಗಿರಲಿ. ಬೆಳಗಾವಿಯಲ್ಲಿ ಆ ಅಡಾಪ್ಟರ್ ಯಾರ ಹತ್ತಿರ ಇದೆ? ಇಲ್ಲವಾದರೆ ಉದ್ಯಮಬಾಗದಲ್ಲಿ ಹಳೆಯ ಮುಚ್ಚಳ ಕೊಟ್ಟರೆ ಅದಕ್ಕೆ ತೂತು ಕೊರೆದು ಪಂಪಿನ ನಿಪ್ಪಲ್ ಕೂರಿಸಿ ಕೊಡುವವರು ಯಾರು? ಹಳೆಯ ಮುಚ್ಚಳ ನನ್ನ ಹತ್ತಿರ ಇದೆ, ಕೂಲಿ ಕೇಳಿದಷ್ಟು ಕೊಡುತ್ತೇನೆ. ಹುಬ್ಬಳ್ಳಿ ಅಂದರೆ ಹುಬ್ಬಳ್ಳಿ, ಕೊಲ್ಹಾಪುರ ಅಂದರೆ ಕೊಲ್ಹಾಪುರ, ಬರುತ್ತೇನೆ. ಆದರೆ ಗಾಡಿ ರಾತ್ರಿ ನಿಮ್ಮಲ್ಲೇ ನಿಲ್ಲಬೇಕು, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ನೋಡಬೇಕು. ಹುಡುಗನೂ ಜೊತೆಗೆ ಬರುತ್ತಾನೆ. ಇದಕ್ಕೆ ಒಪ್ಪುವವರು ಮಾತ್ರ ಹೇಳಿ.