ನಮ್ಮ ಮೇಲ್ಮನೆ, ಇವರ ಮೇಲ್ಮನೆ

ಐರ್ಲೆಂಡಿನ ಡಬ್ಲಿನ್‌ನಲ್ಲಿ ನಮ್ಮ ಬಡಾವಣೆಗೆ ಬರುವ ಬಸ್ಸು ಒಂಥರಾ ದೆವ್ವದ ಬಸ್ಸು. ಸ್ಟಾಪಿನ ಬೋರ್ಡಿನಲ್ಲಿ ಇನ್ನು ನಾಲ್ಕು ನಿಮಿಷ ಅಂತ ತೋರಿಸುತ್ತದೆ, ಆಮೇಲೆ ಎರಡು, ಆಮೇಲೆ ಬಂದೇ ಬಿಟ್ಟಿತು ಅನ್ನುತ್ತದೆ, ರಸ್ತೆ ನೋಡಿದರೆ ಖಾಲಿ. ಒಂದು ಸಂಜೆ ಮಳೆಯಲ್ಲಿ ತೊಪ್ಪೆಯಾಗಿ ಮನೆಗೆ ಬಂದವನು ಆ ಸಿಟ್ಟಿನಲ್ಲೇ ನಮ್ಮ ಕಡೆಯ ಒಬ್ಬ ಸೆನೆಟರ್‌ಗೆ, ಅಂದರೆ ಇಲ್ಲಿನ ಮೇಲ್ಮನೆಯ ಸದಸ್ಯರಿಗೆ, ಇಮೇಲ್ ಹಾಕಿದೆ. ಸಂಸತ್ತಿನ ಚುನಾವಣೆಯಲ್ಲಿ ನನಗೆ ಇಲ್ಲಿ ಓಟಿಲ್ಲ. ಪಾಸ್‌ಪೋರ್ಟ್ ಇನ್ನೂ ಭಾರತದ್ದೇ. ಉತ್ತರ ಬರುತ್ತದೆ ಅನ್ನುವ ಆಸೆಯೂ ಇರಲಿಲ್ಲ.

ಕೆಲವು ವಾರ ಕಳೆದ ಮೇಲೆ ಅವರ ಕಚೇರಿಯಿಂದ ಒಂದು ಲಿಂಕ್ ಬಂತು. ತೆಗೆದರೆ ಸದನದ ನಡಾವಳಿ! ನಮ್ಮ ಬಡಾವಣೆಯ ಹೆಸರು, ಬಸ್ಸಿನ ನಂಬರು, ಬೆಳಗ್ಗೆ ಮಕ್ಕಳಿಗೆ ಶಾಲೆಗೆ ತಡವಾಗುವ ವಿಷಯ, ಎಲ್ಲವನ್ನೂ ಆ ಸೆನೆಟರ್ ಎದ್ದು ನಿಂತು ಹೇಳಿದ್ದಾರೆ. ರಾಜ್ಯ ಸಚಿವರೊಬ್ಬರು ಬಂದು ಉತ್ತರ ಓದಿದ್ದಾರೆ. ಉತ್ತರ ಏನು ಅಂತೀರಾ? ಬಸ್ಸಿನ ವೇಳಾಪಟ್ಟಿ ಸಚಿವರ ಕೈಯಲ್ಲಿಲ್ಲ, ಸಂಬಂಧಪಟ್ಟವರ ಗಮನಕ್ಕೆ ತರಲಾಗುವುದು. ಓದಿ ನಗು ಬಂತು. ವಿಧಾನಸೌಧದಲ್ಲಿ ಟೈಪ್ ಮಾಡಿ ಕಳಿಸಿದ ಹಾಗಿತ್ತು. ಬಸ್ಸು ಈಗಲೂ ಅದರ ಪಾಡಿಗೆ ಅದು ಮಾಯವಾಗುತ್ತಲೇ ಇದೆ.

ಆದರೂ ತಲೆಗೆ ಒಂದು ಹುಳ ಹೊಕ್ಕಿತು. ಮೇಲ್ಮನೆಯವರು ಇಂಥ ಕೆಲಸವನ್ನೂ ಮಾಡುತ್ತಾರಾ?

ನಮಗೆ ಗೊತ್ತಿರುವ ಮೇಲ್ಮನೆ ಬೇರೆ ಅಲ್ವಾ. ವಿಧಾನಸಭೆಗೆ ನಿಂತು ಸೋತವರಿಗೆ, ಟಿಕೆಟ್ ಸಿಗದೆ ಮುನಿಸಿಕೊಂಡವರಿಗೆ, ಮಂತ್ರಿ ಮಾಡಬೇಕಾಗಿದ್ದು ಎಲ್ಲೂ ಕ್ಷೇತ್ರ ಸಿಗದವರಿಗೆ ವಿಧಾನ ಪರಿಷತ್ತು. ಚಿಂತಕರ ಚಾವಡಿ ಅನ್ನುವ ಮಾತು ಉದ್ಘಾಟನೆಯ ಭಾಷಣಗಳಲ್ಲಿ ಮಾತ್ರ ಉಳಿದಿದೆ. 2020ರ ಡಿಸೆಂಬರಿನಲ್ಲಿ ಉಪಸಭಾಪತಿಯವರನ್ನು ಪೀಠದಿಂದಲೇ ಎಳೆದಾಡಿದ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ನನಗೆ ಎಷ್ಟು ಕಡೆಯಿಂದ ಬಂತೋ ಲೆಕ್ಕವಿಲ್ಲ. ಕಳಿಸಿದವರೆಲ್ಲ ನಗುವ ಗೊಂಬೆ ಅಂಟಿಸಿದ್ದರು. ನನಗೆ ನಗು ಬರಲಿಲ್ಲ.

ಹಾಗಾಗಿ ಇಲ್ಲಿನ ಮೇಲ್ಮನೆಯ ನಡಾವಳಿ ಓದುವ ಚಟ ಹತ್ತಿತು. ಹೆಸರು ಶ್ಯಾನಡ್. ಕೆಳಮನೆ ಡಾಲ್. ಎರಡೂ ಕೂರುವುದು ಊರಿನ ನಡುವೆ ಕಿಲ್ಡೇರ್ ಸ್ಟ್ರೀಟಿನ ಲೆನ್‌ಸ್ಟರ್ ಹೌಸ್‌ನಲ್ಲಿ. ಶ್ಯಾನಡ್‌ನಲ್ಲಿ 60 ಜನ. ಅವರಲ್ಲಿ 43 ಮಂದಿಯನ್ನು ಕೃಷಿ, ಕಾರ್ಮಿಕ, ಕೈಗಾರಿಕೆ, ಆಡಳಿತ, ಸಂಸ್ಕೃತಿ ಅಂತ ಐದು ಪಟ್ಟಿ ಮಾಡಿ, ಊರೂರಿನ ಕೌನ್ಸಿಲರುಗಳೂ ಸಂಸದರೂ ಸೇರಿ ಆರಿಸುತ್ತಾರೆ. ಆರು ಜನ ವಿಶ್ವವಿದ್ಯಾಲಯದ ಪದವೀಧರರಿಂದ. ಉಳಿದ 11 ಪ್ರಧಾನಿ ನಾಮಕರಣ ಮಾಡುವವರು. ನಮ್ಮ ಪರಿಷತ್ತಿನ 75ರಲ್ಲೂ ನಾಮಕರಣದವರು 11, ನೋಡಿ! ಅಧಿಕಾರವೂ ಹೆಚ್ಚುಕಮ್ಮಿ ಒಂದೇ. ಮಸೂದೆಯನ್ನು ಇವರು 90 ದಿನ ತಡೆಯಬಹುದು, ನಮ್ಮವರು ಮೊದಲು ಮೂರು ತಿಂಗಳು, ಆಮೇಲೆ ಇನ್ನೊಂದು ತಿಂಗಳು. ಅಷ್ಟೇ. ಕೊನೆಗೆ ಕೆಳಮನೆ ಹೇಳಿದ್ದೇ ಆಗುವುದು. ಹಾಗಿದ್ದ ಮೇಲೆ ಮೇಲ್ಮನೆ ಸದಸ್ಯನ ಕೈಯಲ್ಲಿ ಉಳಿಯುವುದು ಮಾತು ಒಂದೇ. ಆ ಮಾತನ್ನು ಹೇಗೆ ಬಳಸುತ್ತಾರೆ ಅನ್ನುವುದರಲ್ಲೇ ನನಗೆ ಎರಡೂ ಕಡೆಯ ವ್ಯತ್ಯಾಸ ಕಂಡಿದ್ದು.

ಡೇವಿಡ್ ನಾರಿಸ್ ಅವರನ್ನೇ ತಗೊಳ್ಳಿ. 1987ರಲ್ಲಿ ಟ್ರಿನಿಟಿ ಕಾಲೇಜಿನ ಪದವೀಧರರ ಕ್ಷೇತ್ರದಿಂದ ಬಂದವರು 2024ರ ಜನವರಿಯಲ್ಲಿ ನಿವೃತ್ತಿಯಾಗುವವರೆಗೂ ಅಲ್ಲೇ ಇದ್ದರು. ಯಾವ ಪಕ್ಷವೂ ಇಲ್ಲ. ಇಂಗ್ಲಿಷ್ ಮೇಷ್ಟ್ರು, ಜೇಮ್ಸ್ ಜಾಯ್ಸ್ ಅಂದರೆ ಪ್ರಾಣ. ಸಂಸತ್ತಿನ ಜಾಲತಾಣದಲ್ಲಿ ಅವರ ಹೆಸರು ಒತ್ತಿದರೆ ಸಾಕು, ಅವರು ಸದನದಲ್ಲಿ ಆಡಿದ್ದೆಲ್ಲ ತಾರೀಖಿನ ಸಮೇತ ಬಿಚ್ಚಿಕೊಳ್ಳುತ್ತದೆ. ಒಂದು ದಿನ ಡಬ್ಲಿನ್ನಿನ ಹಳೇ ಜಾರ್ಜಿಯನ್ ಮನೆಗಳನ್ನು ಕೆಡವಬೇಡಿ ಅಂತ ಜಗಳ. ಇನ್ನೊಂದು ದಿನ ಪೂರ್ವ ತಿಮೋರ್, ಟಿಬೆಟ್. ನಡುವೆ ಯಾರಿಗೋ ಚುಚ್ಚು ಮಾತು, ಪೀಠದಿಂದ ಗದರಿಕೆ, ಮತ್ತೆ ಇವರ ತಮಾಷೆ. ನಮ್ಮೂರ ಹೋಟೆಲಿನಲ್ಲಿ ಬೈಟು ಕಾಫಿ ಹಿಡಿದು ಕೂತ ನಿವೃತ್ತ ಮೇಷ್ಟ್ರು ನೆನಪಾಗುತ್ತಾರೆ. ವ್ಯತ್ಯಾಸ ಏನಪ್ಪ ಅಂದರೆ ಇಲ್ಲಿ ಮಂತ್ರಿ ಎದುರಿಗೇ ಕೂತಿರುತ್ತಾರೆ.

ಆದರೆ ನಾರಿಸ್ ಬರೀ ಮಾತಿನಮಲ್ಲ ಆಗಿರಲಿಲ್ಲ. ಸಲಿಂಗ ಸಂಬಂಧ ಅಪರಾಧ ಅನ್ನುವ ಕಾನೂನು ಬ್ರಿಟಿಷರ ಕಾಲದಿಂದ ಇಲ್ಲೂ ಇತ್ತು, 1861 ಮತ್ತು 1885ರದ್ದು. ನಮ್ಮ 377ನೇ ಕಲಂನ ಅಣ್ಣತಮ್ಮ. ಅದರ ವಿರುದ್ಧ ಅವರು ಕೋರ್ಟಿಗೆ ಹೋದರು. 1980ರಲ್ಲಿ ಹೈಕೋರ್ಟಿನಲ್ಲಿ ಸೋತರು. 1983ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 3-2ರಿಂದ ಸೋತರು. ಸೆನೆಟರ್ ಆಗಿದ್ದಾಗಲೇ, 1988ರಲ್ಲಿ, ಯುರೋಪಿನ ಮಾನವ ಹಕ್ಕು ನ್ಯಾಯಾಲಯದಲ್ಲಿ 8-6ರಿಂದ ಗೆದ್ದರು. ಗೆದ್ದರೂ ಸರ್ಕಾರ ಐದು ವರ್ಷ ಸುಮ್ನೆ ಕೂತಿತು. ಕೊನೆಗೆ 1993ರ ಜೂನಿನಲ್ಲಿ ಮಸೂದೆ ಮೇಲ್ಮನೆಗೆ ಬಂತು, ನಾರಿಸ್ ಎದ್ದು ನಿಂತು ಮಾತಾಡಿದರು. ಯಾವ ಕಾನೂನು ಇವರನ್ನು ಅಪರಾಧಿ ಅನ್ನುತ್ತಿತ್ತೋ ಅದನ್ನು ತೆಗೆಯುವ ಚರ್ಚೆಯಲ್ಲಿ ಇವರೇ ಸದಸ್ಯರು. ಆ ಭಾಷಣವನ್ನು ನಾನು ಬಸ್ಸಿಗೆ ಕಾಯುತ್ತಾ ಮೊಬೈಲಿನಲ್ಲಿ ಓದಿದೆ. ಕಾಯುವ ಸಮಯವಂತೂ ಬೇಕಾದಷ್ಟಿತ್ತಲ್ಲ.

ಇದರಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಆ ಕೇಸಿನಲ್ಲಿ ನಾರಿಸ್ ಪರ ವಾದಿಸಿದ ವಕೀಲರು ಮೇರಿ ರಾಬಿನ್‌ಸನ್. ಅವರೂ ಟ್ರಿನಿಟಿ ಕ್ಷೇತ್ರದ ಸೆನೆಟರ್ ಆಗಿದ್ದವರು. 1969ರಲ್ಲಿ ಗೆದ್ದಾಗ ವಯಸ್ಸು 25. 1971ರಲ್ಲಿ ಗರ್ಭನಿರೋಧಕಗಳ ಮೇಲಿದ್ದ ನಿಷೇಧ ಸಡಿಲಿಸಲು ಒಂದು ಮಸೂದೆ ತಂದರು. ಸದನ ಅದನ್ನು ಮಂಡಿಸುವುದಕ್ಕೂ ಬಿಡಲಿಲ್ಲ. ಕ್ಯಾಥೊಲಿಕ್ ಚರ್ಚಿನ ಮಾತೇ ಕಾನೂನು ಆಗಿದ್ದ ಕಾಲ. ಅವರೂ ಬಿಡಲಿಲ್ಲ, ಮತ್ತೆ ಮತ್ತೆ ಅದೇ ವಿಷಯ ಎತ್ತಿದರು. 1979ರಲ್ಲಿ ಅರೆಬರೆ ಕಾನೂನು ಬಂತು, ಅದೂ ವೈದ್ಯರ ಚೀಟಿ ಇದ್ದರೆ ಮಾತ್ರ. 1985ರಲ್ಲಿ ಇನ್ನಷ್ಟು ಸಡಿಲವಾಯಿತು. 1993ರ ಜುಲೈನಲ್ಲಿ ನಾರಿಸ್ ಕಾದಿದ್ದ ಮಸೂದೆಗೆ ಸಹಿ ಹಾಕಿದ ರಾಷ್ಟ್ರಾಧ್ಯಕ್ಷರು ಯಾರು ಗೊತ್ತಾ? ಇದೇ ರಾಬಿನ್‌ಸನ್!

ನಮ್ಮಲ್ಲೂ ಹಾಗೇ ಆಗಿದೆ ಅನ್ನಬಹುದು. 2015ರಲ್ಲಿ 377ರ ತಿದ್ದುಪಡಿಗೆ ಶಶಿ ತರೂರ್ ಖಾಸಗಿ ಮಸೂದೆ ತಂದಾಗ ಲೋಕಸಭೆಯೂ ಮಂಡಿಸಲು ಬಿಡಲಿಲ್ಲ. ಕೊನೆಗೆ 2018ರಲ್ಲಿ ಸುಪ್ರೀಂ ಕೋರ್ಟೇ ಆ ಕೆಲಸ ಮಾಡಬೇಕಾಯಿತು. ಅದಕ್ಕೂ ಮೊದಲು, 2009ರಲ್ಲಿ, ದೆಹಲಿ ಹೈಕೋರ್ಟು ಕೊಟ್ಟ ತೀರ್ಪಿನಲ್ಲಿ ಐರ್ಲೆಂಡಿನ ನಾರಿಸ್ ಪ್ರಕರಣದ ಹೆಸರೂ ಇತ್ತು. ಇಲ್ಲಿನ ಮೇಷ್ಟ್ರ ಹಟ ನಮ್ಮ ದೆಹಲಿಯವರೆಗೂ ಬಂದಿದೆ. ನಮ್ಮ ಶಾಸನಸಭೆಗಳು ಮಾತ್ರ ಆ ವಿಷಯಕ್ಕೆ ಕೈ ಹಾಕದೆ ಕೋರ್ಟಿನ ತಲೆಗೆ ಕಟ್ಟಿದವು.

ನನ್ನ ಸಿಟ್ಟು ಇರುವುದು ಇಲ್ಲೇ. ಸೋಲುವ ವಿಷಯವನ್ನು ಎದ್ದು ಹೇಳುವುದಕ್ಕೆ ಒಂದು ಜಾಗ ಬೇಕು. ಹೇಳಿದ್ದು ಕೇಳಿಸಬೇಕು, ಬರೆದಿಡಬೇಕು. ಇಲ್ಲಿ ಬೆಳಗಿನ ಕಲಾಪ ಶುರುವಾದಾಗ ಸೆನೆಟರ್‌ಗಳು ಒಬ್ಬೊಬ್ಬರಾಗಿ ಎದ್ದು ಕೆಲವೇ ನಿಮಿಷ ಮಾತಾಡುತ್ತಾರೆ. ಆಸ್ಪತ್ರೆಯ ಟ್ರಾಲಿಯ ಮೇಲೆ ರಾತ್ರಿ ಕಳೆದ ಅಜ್ಜಿ, ಬಾಡಿಗೆ ಮನೆ ಸಿಗದ ನರ್ಸು, ಮುಚ್ಚಿಹೋದ ಅಂಚೆ ಕಚೇರಿ, ಗಾಜಾ, ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ವಿಷಯಗಳು. ಕೊನೆಗೆ ಸಭಾನಾಯಕರು ಪ್ರತಿಯೊಬ್ಬರ ಹೆಸರು ಹಿಡಿದು ಉತ್ತರ ಕೊಡುತ್ತಾರೆ. ಬಾವಿಗೆ ಇಳಿಯುವುದು, ಕಾಗದ ಹರಿದು ಎಸೆಯುವುದು, ಗದ್ದಲದ ನಡುವೆಯೇ ಮೂರು ವಿಧೇಯಕ ಪಾಸು ಮಾಡಿ ಊಟಕ್ಕೆ ಎದ್ದು ಹೋಗುವುದು ನನಗಂತೂ ಇಲ್ಲಿ ಕಾಣಲಿಲ್ಲ. ನಮ್ಮ ಬೆಳಗಾವಿ ಅಧಿವೇಶನದ ಮೊದಲ ದಿನದ ಸುದ್ದಿಯನ್ನು ನೋಡದೆಯೇ ಬರೆದುಬಿಡಬಹುದು.

ತಮಾಷೆ ಅಂದರೆ ಇವರ ಸಂವಿಧಾನವನ್ನು ನಮ್ಮವರು ಓದಿಯೇ ಇದ್ದರು. ಕೆಎಎಸ್‌ಗೆ ಓದಿದವರಿಗೆ ಬಾಯಿಪಾಠ: ನಿರ್ದೇಶಕ ತತ್ವಗಳು ಐರ್ಲೆಂಡಿನಿಂದ, ರಾಜ್ಯಸಭೆಗೆ ನಾಮಕರಣ ಮಾಡುವ ಪದ್ಧತಿಯೂ ಐರ್ಲೆಂಡಿನಿಂದ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ ನಮ್ಮ ಮಂಗಳೂರಿನವರು. 1947ರ ಕೊನೆಯಲ್ಲಿ ಡಬ್ಲಿನ್ನಿಗೇ ಬಂದು ಇಲ್ಲಿನ ಆಗಿನ ಪ್ರಧಾನಿ ಡಿ ವಲೆರಾ ಅವರನ್ನು ಕಂಡು ಮಾತಾಡಿ ಹೋಗಿದ್ದರು. ನಿಯಮ ತಂದೆವು, ಸರಿ. ಮಾತು ಕೇಳುವ ಅಭ್ಯಾಸವನ್ನು ಇಲ್ಲೇ ಬಿಟ್ಟು ಹೋದೆವೇನೋ.

ಇದನ್ನೆಲ್ಲ ಒಂದು ದಿನ ಹಾಸನದಲ್ಲಿರುವ ನಮ್ಮ ಸೋದರಮಾವನ ಹತ್ತಿರ ಫೋನಿನಲ್ಲಿ ಕೊಚ್ಚಿಕೊಂಡೆ. ಅವರು ಹೈಸ್ಕೂಲ್ ಮೇಷ್ಟ್ರು, ದಕ್ಷಿಣ ಶಿಕ್ಷಕರ ಕ್ಷೇತ್ರದ ಮತದಾರರು. ಪೂರ್ತಿ ಕೇಳಿ, "ಅಲ್ಲಯ್ಯ, ಆ ಸೆನೆಟರನ್ನ ಆರಿಸೋರು ಯಾರು?" ಅಂದರು. ಬಹುಪಾಲು ಕೌನ್ಸಿಲರುಗಳು ಮಾವ, ಅಂದೆ. "ಮತ್ತೆ ನಿನ್ನಂಥೋರಿಗೆ?" ಕೌನ್ಸಿಲರನ್ನು ಆರಿಸುವುದಕ್ಕೆ ನನಗೂ ಓಟಿದೆ, ಸೆನೆಟರ್‌ಗೆ ಇಲ್ಲ. "ಪದವೀಧರ ಅಲ್ವೇನೋ ನೀನು?" ಮೈಸೂರು ವಿಶ್ವವಿದ್ಯಾಲಯದ ಡಿಗ್ರಿ ಇಲ್ಲಿ ಲೆಕ್ಕಕ್ಕಿಲ್ಲ. ಇಷ್ಟು ಕಾಲ ಟ್ರಿನಿಟಿಯವರಿಗೆ ಮೂರು, ರಾಷ್ಟ್ರೀಯ ವಿಶ್ವವಿದ್ಯಾಲಯದವರಿಗೆ ಮೂರು, ಬೇರೆ ಕಾಲೇಜಿನಲ್ಲಿ ಓದಿದ ಇಲ್ಲಿನ ಪ್ರಜೆಗಳಿಗೂ ಓಟಿರಲಿಲ್ಲ. ಅದನ್ನು ಸರಿ ಮಾಡಲು 1979ರಲ್ಲೇ ಜನ ಮತ ಹಾಕಿ ಒಪ್ಪಿಗೆ ಕೊಟ್ಟಿದ್ದರು. ಸರ್ಕಾರಗಳು ಒಂದರ ಹಿಂದೆ ಒಂದು ಅದರ ಮೇಲೆ ಕೂತವು. 2023ರಲ್ಲಿ ಸುಪ್ರೀಂ ಕೋರ್ಟು ಕಿವಿ ಹಿಂಡಿದ ಮೇಲೆ, 2024ರಲ್ಲಿ ಕಾಯ್ದೆ ಬಂತು.

ಮಾವ ನಕ್ಕರು. "ನಮ್ಮಲ್ಲಿ ಯಾವ ಯೂನಿವರ್ಸಿಟಿ ಆದ್ರೂ ಫಾರಂ 18 ತುಂಬಿದ್ರೆ ಓಟು ಕಣೋ. ಶಿಕ್ಷಕರಿಗೇ ಅಂತ ಬೇರೆ ಏಳು ಸೀಟು. ನಿಮ್ಮಲ್ಲಿ ಮೇಷ್ಟ್ರು ಓಟು ಹಾಕಿ ಕಳಿಸಿದ ಸೆನೆಟರ್ ಒಬ್ಬ ಇದ್ದಾನಾ?"

ಇಲ್ಲ. ಒಪ್ಪಿಕೊಳ್ಳಲೇಬೇಕಾಯಿತು. ಹೇಳಲು ಹೊರಟರೆ ಇನ್ನೂ ಇದೆ. ಡಾಲ್ ಚುನಾವಣೆಯಲ್ಲಿ ಸೋತವರು ಶ್ಯಾನಡ್‌ಗೆ ಬರುವುದು ಇಲ್ಲೂ ಮಾಮೂಲು. ನಾಮಕರಣದ 11 ಜನರಿಂದ ಸರ್ಕಾರಕ್ಕೆ ಬಹುಮತ ಸಲೀಸು. ಸದನದ ವಿಡಿಯೊ ನೋಡಿದರೆ ಎಷ್ಟೋ ಸಲ ಮಾತಾಡುವವರ ಹಿಂದೆ ಕುರ್ಚಿಗಳೇ ಜಾಸ್ತಿ. 2013ರ ಅಕ್ಟೋಬರಿನಲ್ಲಿ ಸರ್ಕಾರವೇ ಈ ಮನೆ ಬೇಡ ಅಂತ ಜನಮತಕ್ಕೆ ಹಾಕಿತ್ತು, ಶೇ. 51.7 ಜನ ರದ್ದು ಮಾಡಬೇಡಿ ಅಂದಿದ್ದಕ್ಕೆ ಉಳಿದುಕೊಂಡಿತು. ನಮ್ಮ ಆಫೀಸಿನ ಐರಿಷ್ ಗೆಳೆಯರಲ್ಲಿ ಅರ್ಧದಷ್ಟು ಜನಕ್ಕೆ ತಮ್ಮ ಒಬ್ಬ ಸೆನೆಟರ್ ಹೆಸರೂ ಗೊತ್ತಿಲ್ಲ. ಇತ್ತ ನಮ್ಮ ಪರಿಷತ್ತಿನಲ್ಲಿ ಕವಿ ಸಿದ್ಧಲಿಂಗಯ್ಯನವರು ಎರಡು ಅವಧಿ ಕೂತಿದ್ದರು. ಅದಕ್ಕೂ ಹಿಂದೆ, 1907ರಲ್ಲಿ ಶುರುವಾದ ಮೈಸೂರಿನ ನ್ಯಾಯವಿಧಾಯಕ ಸಭೆಯಲ್ಲಿ ಡಿವಿಜಿಯವರಿದ್ದರು. ಆ ಸಭೆ ಶುರುವಾದಾಗ ಐರ್ಲೆಂಡ್ ಇನ್ನೂ ಸ್ವತಂತ್ರವೇ ಆಗಿರಲಿಲ್ಲ. ಅಂದರೆ ಒಳ್ಳೆಯ ಮಾತಿಗೆ ನಮ್ಮಲ್ಲಿ ಬರ ಇರಲಿಲ್ಲ.

"ನಮ್ಮ ಎಂಎಲ್‌ಸಿ ಹಳೇ ಪಿಂಚಣಿ ವಿಷಯ ಸದನದಲ್ಲಿ ಎತ್ತಿದ್ರು ಗೊತ್ತಾ? ಚೆನ್ನಾಗೇ ಮಾತಾಡಿದ್ರಂತೆ," ಅಂದರು ಮಾವ. ದನಿಯಲ್ಲಿ ಹೆಮ್ಮೆ ಇತ್ತು.

ಏನಂದ್ರು ಮಾವ, ಸರ್ಕಾರ ಏನು ಉತ್ತರ ಕೊಡ್ತು, ಅಂತ ಕೇಳಿದೆ.

"ಪರಿಶೀಲನೆಯಲ್ಲಿದೆ ಅಂದಿರ್ಬೇಕು. ಯಾವ ಅಧಿವೇಶನವೋ ಏನೋ. ಪೇಪರಲ್ಲಿ ಬಂದಿತ್ತು ಅನ್ಸುತ್ತೆ, ನಿಮ್ಮತ್ತೆ ಅದನ್ನ ಶೆಲ್ಫಿಗೆ ಹಾಸಿಬಿಟ್ಟಿದ್ದಾಳೆ."