ವಿಶಾಲ ಕಾರ್ ಪಾರ್ಕಿಂಗ್ ಇರುವ ಸೈಕಲ್ ಜಾಥಾ

ಮೊನ್ನೆ ಭಾನುವಾರ ನಮ್ಮ ಮಂಗಳೂರಿನಲ್ಲಿ ಆದ ಸೈಕಲ್ ಜಾಥಾದ ಫೋಟೋ ನೀವೆಲ್ಲ ನೋಡಿಯೇ ಇರ್ತೀರಿ. ಹಸಿರು ಟೀಶರ್ಟು, ಹಸಿರು ಬಾವುಟ, ಮಧ್ಯದಲ್ಲಿ ಹೆಲ್ಮೆಟ್ ಹಿಂದುಮುಂದು ಹಾಕಿಕೊಂಡು ನಗ್ತಾ ನಿಂತ ಗಣ್ಯರು. ಅದರ ಬಗ್ಗೆ ಹೇಳ್ಲಿಕ್ಕೆ ನಂಗೆ ಎಂತದೂ ಇಲ್ಲ. ನಂಗೆ ತಲೆಯಲ್ಲಿ ಕೂತದ್ದು ಅದಕ್ಕೆ ಎರಡು ದಿನ ಮೊದಲು ವಾಟ್ಸಾಪಿಗೆ ಬಂದ ಪೋಸ್ಟರು. ಮೇಲೆ ದಪ್ಪಕ್ಷರದಲ್ಲಿ "ಸೈಕಲ್ ಬಳಸಿ, ಪರಿಸರ ಉಳಿಸಿ", ಅಡಿಯಲ್ಲಿ ಇರುವೆ ಸಾಲಿನ ಹಾಗೆ ಸಣ್ಣಕ್ಕೆ "ವಿಶಾಲವಾದ ಕಾರ್ ಪಾರ್ಕಿಂಗ್ ವ್ಯವಸ್ಥೆ ಇದೆ".

ನಗಬೇಡಿ ಮಾರ್ರೆ, ಇಡೀ ಪೋಸ್ಟರಿನಲ್ಲಿ ಬುದ್ಧಿ ಉಪಯೋಗಿಸಿ ಬರೆದದ್ದು ಅದೊಂದೇ ಸಾಲು. ನನ್ನ ಮನೆ ಕುಲಶೇಖರ, ಜಾಥಾ ಶುರು ಆಗುದು ಲಾಲ್‌ಬಾಗಿನಲ್ಲಿ, ಐದು ಕಿಲೋಮೀಟ್ರು ಇದ್ರೆ ಹೆಚ್ಚು. ಸೈಕಲ್ ಜಾಥಾಕ್ಕೆ ಸೈಕಲಿನಲ್ಲೇ ಹೋಗುವಾ ಅಂತ ಬೆಳಿಗ್ಗೆ ಐದಕ್ಕೆ ಗೇಟಿನವರೆಗೆ ಹೊರಟದ್ದೂ ಹೌದು, ಆದ್ರೆ ಮಧ್ಯದಲ್ಲಿ ನಂತೂರು ಉಂಟಲ್ಲ. ಒಂದು ಕಡೆಯಿಂದ ಮೂಡುಬಿದಿರೆ ರಸ್ತೆ, ಅಡ್ಡಕ್ಕೆ ರಾಷ್ಟ್ರೀಯ ಹೆದ್ದಾರಿ 66, ಅದರ ಮೇಲೆ ಬಂದರಿಗೆ ಹೋಗುವ ಟ್ಯಾಂಕರು ಟ್ರೈಲರುಗಳಿಗೆ ಭಾನುವಾರ ಅಂತ ಎಂತ ರಜೆ ಇಲ್ಲ. ನಂತೂರು ಸರ್ಕಲನ್ನು ಸೈಕಲಿನಲ್ಲಿ ದಾಟಿ ಬಂದವರು ಯಾರಾದ್ರೂ ಇದ್ರೆ ಅವರನ್ನು ನೆಹರೂ ಮೈದಾನದಲ್ಲಿ ಕೂರಿಸಿ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡ್ಬೇಕು. ಹೆಂಡತಿ ಬಾಗಿಲಲ್ಲಿ ನಿಂತು, "ಮೊದಲು ನೀವು ಉಳೀರಿ, ಪರಿಸರ ಆಮೇಲೆ ಉಳಿಸುವಾ" ಅಂದ್ಲು. ಹಾಗೆ ಎದುರಿನ ಚಕ್ರ ಬಿಚ್ಚಿ, ಸೈಕಲನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಪೆಟ್ರೋಲ್ ಸುಟ್ಕೊಂಡು, ಸೈಕಲ್ ಬಳಸಿ ಅಂತ ಊರಿಗೆ ಹೇಳ್ಲಿಕ್ಕೆ ಹೋದೆ.

ಅಲ್ಲಿ ನೋಡಿದ್ರೆ ಎಲ್ಲರದ್ದೂ ಅದೇ ಕಥೆ. ಒಬ್ಬರು ಡಿಕ್ಕಿಯಿಂದ ಸೈಕಲ್ ಇಳಿಸ್ತಾ ಇದ್ದಾರೆ, ಇನ್ನೊಬ್ಬರು ಕಾರಿನ ತಲೆ ಮೇಲಿಂದ. ಮುಖ್ಯ ಅತಿಥಿಗಳ ಸೈಕಲ್ ಮಾತ್ರ ಗೂಡ್ಸ್ ಟೆಂಪೋದಲ್ಲಿ ಬಂದಿತ್ತು, ಸೀಟಿನ ಪ್ಲಾಸ್ಟಿಕ್ ಕೂಡ ತೆಗೆದಿರ್ಲಿಲ್ಲ, ಬಹುಶಃ ಕಾರ್ಯಕ್ರಮ ಮುಗಿದ ಮೇಲೆ ಅಂಗಡಿಗೆ ವಾಪಸ್ ಹೋಗ್ಲಿಕ್ಕಿತ್ತು.

ಇದು ವಿಶ್ವ ಸೈಕಲ್ ದಿನದ ಲೆಕ್ಕದ ಜಾಥಾ. ಆ ದಿನ ಜೂನ್ 3, ನಮ್ಮ ಕರಾವಳಿಗೆ ಮಳೆ ಬರುವ ವಾರ ಸರಿಯಾಗಿ ಅದೇ. ಯಾರಪ್ಪ ಈ ಮುಹೂರ್ತ ಇಟ್ಟ ಭಟ್ರು ಅಂತ ಹುಡುಕಿದ್ರೆ ಗೊತ್ತಾಯ್ತು, 2018ರಲ್ಲಿ ವಿಶ್ವಸಂಸ್ಥೆಯಲ್ಲಿ ಈ ನಿರ್ಣಯ ಮುಂದಿಟ್ಟದ್ದು ತುರ್ಕ್ಮೆನಿಸ್ತಾನ. ಮುಕ್ಕಾಲುವಾಸಿ ಮರುಭೂಮಿ ಇರುವ ದೇಶ. ಅವರಿಗೆ ಕೊಟ್ಟಾರ ಚೌಕಿಯಲ್ಲಿ ಅರ್ಧ ಗಂಟೆ ಜೋರು ಮಳೆ ಬಂದ್ರೆ ಸೈಕಲಿಗೆ ಬದಲು ದೋಣಿ ಬೇಕಾಗ್ತದೆ ಅಂತ ಹೇಗೆ ಗೊತ್ತಾಗ್ಬೇಕು ಪಾಪ.

ಐದೂವರೆಗೆ ರಿಪೋರ್ಟಿಂಗ್, ಬಾವುಟ ಅಲ್ಲಾಡಿದ್ದು ಏಳೂಮುಕ್ಕಾಲಿಗೆ. ನಡುವೆ ಭಾಷಣ. ಒಬ್ಬರು ನೆದರ್‌ಲೆಂಡ್ಸಿನಲ್ಲಿ ಪ್ರಧಾನಿಯೇ ಸೈಕಲಿನಲ್ಲಿ ಆಫೀಸಿಗೆ ಹೋಗಿದ್ದಾರೆ ಗೊತ್ತುಂಟಾ ಅಂದ್ರು, ನಾವು ಚಪ್ಪಾಳೆ ಹೊಡೆದೆವು. ಆಮೇಲೆ ಗಣ್ಯರು ಸೈಕಲ್ ಹತ್ತಿದ್ರು, ಎದುರಿಂದ ಪೊಲೀಸ್ ಜೀಪು, ಹಿಂದೆ ಅವರದ್ದೇ ಎಂಟು ಕಾರು, ಆ ಕಡೆ ಈ ಕಡೆ ಹ್ಯಾಂಡಲ್ ಹಿಡ್ಕೊಂಡು ಓಡುವ ಹುಡುಗರು, ಮೇಲೆ ಡ್ರೋನು. ಮುಂದಿನ ತಿರುವಿನವರೆಗೆ ತುಳಿದ್ರು. ತಿರುವಿನ ಆಚೆ ಡ್ರೋನಿಗೆ ಮರ ಅಡ್ಡ, ಹಾಗಾಗಿ ಅಲ್ಲೇ ಇಳಿದು ಕಾರು ಹತ್ತಿದ್ರು.

ನಾವು ಭಾನುವಾರದ ಖಾಯಂ ಗಿರಾಕಿಗಳು ಹನ್ನೆರಡು ಜನ ಮಾತ್ರ ಕೂಳೂರು ದಾಟಿ ಪಣಂಬೂರು ಬೀಚಿನವರೆಗೆ ಹೋಗಿ ಬಂದೆವು. ನಮ್ಮನ್ನೂ ಹೊಗಳ್ಬೇಕಾದ ಅಗತ್ಯ ಇಲ್ಲ. ಹೋಗಿ ಬಂದದ್ದು ಇಪ್ಪತ್ತು ಕಿಲೋಮೀಟ್ರು, ಹೋಟೆಲಿನಲ್ಲಿ ಕೂತದ್ದು ಒಂದೂವರೆ ಗಂಟೆ. ಬನ್ಸು ಬಂತು, ಗೋಳಿಬಜೆ ಬಂತು, ಗೋಳಿಬಜೆ ಬಿಸಿ ಉಂಟು ಅಂತ ಇನ್ನೊಂದು ಪ್ಲೇಟು ಬಂತು. ಸೈಕಲ್ ತುಳಿದ ಲೆಕ್ಕ ಇಡುವ ಸ್ಟ್ರಾವಾ ಆ್ಯಪಿನಲ್ಲಿ ಸುಟ್ಟ ಕ್ಯಾಲೊರಿ ತೋರಿಸಿ ಎರಡು ಪ್ಲೇಟಿಗೆ ಲೆಕ್ಕ ಸರಿ ಮಾಡುವ ಡಾಕ್ಟ್ರೊಬ್ಬರು ನಮ್ಮಲ್ಲಿದ್ದಾರೆ, ಅವರ ಪೇಷಂಟುಗಳಿಗೆ ಇದು ಗೊತ್ತಾಗ್ಬಾರ್ದು. ನಮ್ಮ ಮಾತಾದ್ರೂ ಎಂತದ್ದು, ತೂಕ. ಮನುಷ್ಯರದ್ದಲ್ಲ, ಸೈಕಲಿನದ್ದು. ಅಂತಾರಾಷ್ಟ್ರೀಯ ರೇಸಿನಲ್ಲಿ ಸೈಕಲ್ 6.8 ಕೆಜಿಗಿಂತ ಹಗುರ ಇರ್ಬಾರ್ದು ಅಂತ ನಿಯಮ ಉಂಟು, ನಮ್ಮ ಗ್ರೂಪಿನ ಒಬ್ಬರಿಗೆ ಅದೇ ಚಿಂತೆ, ಅವರದ್ದು ಏಳೂವರೆ ಇದೆ, ಇನ್ನು ಮುನ್ನೂರು ಗ್ರಾಂ ಇಳಿಸ್ಲಿಕ್ಕೆ ಕಾರ್ಬನ್ ಹ್ಯಾಂಡಲ್ ತರಿಸ್ತಾರಂತೆ. ಅವರು ಸ್ವತಃ ತೊಂಬತ್ತೆರಡು ಕೆಜಿ. ಒಂದು ಭಾನುವಾರ ಗೋಳಿಬಜೆ ಬಿಟ್ರೆ ಆ ಮುನ್ನೂರು ಗ್ರಾಂ ಪುಕ್ಕಟೆ ಸಿಗ್ತದೆ ಅಂತ ಹೇಳ್ಬೇಕು ಅಂತಿದ್ದೆ, ಬಿಲ್ಲು ಅವರು ಕೊಡುವುದಿತ್ತು, ಸುಮ್ಮನಾದೆ.

ನನ್ನ ಅಪ್ಪನ ಅಟ್ಲಾಸು ಇಪ್ಪತ್ತು ಕೆಜಿ ಮೇಲೆಯೇ ಇತ್ತು, ಹಿಂದಿನ ಕ್ಯಾರಿಯರಿನಲ್ಲಿ ಕುಚ್ಚಲಕ್ಕಿ ಮುಡಿಯೋ ನಾನೋ, ಯಾವುದು ಭಾರ ಅಂತ ಅವರು ಕೇಳಿದ್ದಿಲ್ಲ. ಅಟ್ಲಾಸಿನ ಕಥೆ ಗೊತ್ತಲ್ಲ, 1951ರಿಂದ ದೇಶಕ್ಕೆಲ್ಲ ಸೈಕಲ್ ಕೊಟ್ಟ ಕಂಪೆನಿ ಸಾಹಿಬಾಬಾದಿನ ತನ್ನ ಕೊನೇ ಫ್ಯಾಕ್ಟರಿಗೆ ಬಾಗಿಲು ಹಾಕಿದ್ದು 2020ರಲ್ಲಿ. ತಾರೀಕು ಜೂನ್ 3. ಕೆಲಸಕ್ಕೆ ಬಂದವರು ಗೇಟಿನಲ್ಲಿ ಅಂಟಿಸಿದ ನೋಟೀಸು ಓದಿ ವಾಪಸ್ ಹೋದ್ರು. ಸೈಕಲ್ ದಿನವನ್ನು ಇಷ್ಟು ಅರ್ಥಪೂರ್ಣವಾಗಿ ಯಾರೂ ಆಚರಿಸಿದ್ದಿಲ್ಲ.

ಈಗ ಆ ನೆದರ್‌ಲೆಂಡ್ಸಿನ ವಿಷಯಕ್ಕೆ ಬರುವಾ. ಭಾಷಣದವರು ಅರ್ಧ ಮಾತ್ರ ಹೇಳಿದ್ರು. ಅಲ್ಲಿಯೂ ಒಂದು ಕಾಲಕ್ಕೆ ಕಾರುಗಳದ್ದೇ ರಾಜ್ಯ, 1971ರ ಒಂದೇ ವರ್ಷ ರಸ್ತೆಯಲ್ಲಿ 3 ಸಾವಿರಕ್ಕೂ ಹೆಚ್ಚು ಜನ ಸತ್ತದ್ದು, ಅದರಲ್ಲಿ ಮಕ್ಕಳೇ 400ಕ್ಕೂ ಮೇಲೆ. ಆಗ ಅಪ್ಪ ಅಮ್ಮಂದಿರು ಬೀದಿಗೆ ಬಂದದ್ದು ಟೀಶರ್ಟು ಹಾಕ್ಕೊಂಡು ಅಲ್ಲ, ಮಕ್ಕಳ ಕೊಲೆ ನಿಲ್ಲಿಸಿ ಅಂತ ಬೊಬ್ಬೆ ಹಾಕ್ಕೊಂಡು. ಕೊಲೆ ಅನ್ನುವ ಶಬ್ದವನ್ನೇ ಹೇಳಿದ್ರು. ಆಮೇಲೆ ಅಲ್ಲಿ ಸೈಕಲಿಗೆ ಬೇರೆ ದಾರಿ ಆದದ್ದು. ನಮ್ಮಲ್ಲಿ ಹೆದ್ದಾರಿ ಬದಿಯ ಬಿಳಿ ಗೆರೆಯ ಆಚೆ ಒಂದೂವರೆ ಅಡಿ ಇರ್ತದೆ, ಅದರಲ್ಲಿ ಹೊಂಡ, ಮರಳು, ನಿಂತ ಲಾರಿ. ಪಣಂಬೂರಿಂದ ಬರುವಾಗ ಉಡುಪಿ ಕಡೆಯ ಎಕ್ಸ್‌ಪ್ರೆಸ್ ಬಸ್ಸೊಂದು ಕಿವಿಯ ಹತ್ತಿರ ಹಾರ್ನ್ ಹಾಕಿದ ಹೊಡೆತಕ್ಕೆ ನಾನು ಗಟ್ಟಿ ನೆಲ ಬಿಟ್ಟು ಕೆಸರಿಗೆ ಇಳಿದೆ. ನಂಗೆ ಮಿನುಗುವ ಲೈಟು ಉಂಟು, ಹೆಲ್ಮೆಟ್ ಉಂಟು, ಭಾನುವಾರ ಬಿಟ್ರೆ ಕಾರು ಉಂಟು. ಬೈಕಂಪಾಡಿಗೆ ದಿನಾ ರಾತ್ರಿ ಶಿಫ್ಟಿಗೆ ಲೈಟಿಲ್ಲದ ಸೈಕಲಿನಲ್ಲಿ, ಅದೇ ಒಂದೂವರೆ ಅಡಿಯಲ್ಲಿ ಹೋಗುವವನಿಗೆ ಎಂತ ಉಂಟು? ಅವನಿಗೆ ಬಿದ್ರೆ ಪೇಪರಿನಲ್ಲಿ ಎರಡು ಸಾಲು, "ಅಪರಿಚಿತ ವಾಹನ ಡಿಕ್ಕಿ". ಸಾಕಾಗಿದೆ ಮಾರಾಯ್ರೆ. ಬಾವುಟ ಬೇಡ, ಟೀಶರ್ಟು ಬೇಡ, ಮೂರಡಿ ರಸ್ತೆ ಕೊಡಿ.

ಇರ್ಲಿ. ಹತ್ತೂವರೆಗೆ ಸರ್ಟಿಫಿಕೇಟ್ ತಗೊಳ್ಳಿಕ್ಕೆ ವಾಪಸ್ ಲಾಲ್‌ಬಾಗಿಗೆ ಬಂದೆವು, ಯಾಕಂದ್ರೆ ಸರ್ಟಿಫಿಕೇಟ್ ಬಿಡುವಷ್ಟು ದೊಡ್ಡ ಮನಸ್ಸು ನಮಗೂ ಇಲ್ಲ. ಅಷ್ಟೊತ್ತಿಗೆ ಮಳೆ ಬಂತು. ಎಲ್ಲರೂ ಒಟ್ಟಿಗೇ ಕಾರಿಗೆ ಓಡಿದ್ರು. ನಾನೂ ಚಕ್ರ ಬಿಚ್ಚಿ ಸೈಕಲ್ ಒಳಗೆ ಹಾಕಿ ಸ್ಟಾರ್ಟ್ ಮಾಡಿ ನೋಡಿದ್ರೆ ಎದುರು ಒಂದು ಕಾರು, ಹಿಂದೆ ಎರಡು, ವಿಶಾಲವಾದ ವ್ಯವಸ್ಥೆಯಲ್ಲಿ ಒಂದು ಗೇಣು ಅಲ್ಲಾಡ್ಲಿಕ್ಕಿಲ್ಲ. ಬೆಳಿಗ್ಗೆ ಸೈಕಲಿನ ಮಹತ್ವ ಹೇಳಿದ ಅದೇ ಮೈಕಿನಲ್ಲಿ ಈಗ ಕೂಗ್ತಾ ಇದ್ರು, "ಕೆಎ ಹತ್ತೊಂಬತ್ತು ಬಿಳಿ ಬಣ್ಣದ ಕಾರಿನವರು ದಯವಿಟ್ಟು ಗಾಡಿ ತೆಗೀರಿ, ಹಿಂದೆ ಮುಖ್ಯ ಅತಿಥಿಗಳು ಕಾಯ್ತಾ ಇದ್ದಾರೆ." ಅಲ್ಲಿದ್ದ ಕಾರುಗಳಲ್ಲಿ ಅರ್ಧಕ್ಕರ್ಧ ಕೆಎ ಹತ್ತೊಂಬತ್ತು, ಬಿಳಿ.