ಒಗ್ಗರಣೆಗೆ 7 ಅಂಕ

ಇಂಗ್ಲೆಂಡಿನಲ್ಲಿ ಒಂದು ಗೋದಾಮು ವರ್ಷಗಟ್ಟಲೆ ಬೀಗ ಹಾಕಿಕೊಂಡು ಬಿದ್ದಿದ್ದರೆ ತೆರಿಗೆಯವರನ್ನು ಬಿಟ್ಟು ಯಾರಿಗೂ ಅದರ ಚಿಂತೆ ಇಲ್ಲ. ಕಿಟಕಿ ಒಡೆಯಲಿ, ಪಾರಿವಾಳ ಸಂಸಾರ ಹೂಡಲಿ, ಬಾಗಿಲಿಗೆ ಪೋಸ್ಟರಿನ ಮೇಲೆ ಪೋಸ್ಟರು ಹತ್ತಲಿ. ಖಾಲಿ ಬೀಳುವುದಕ್ಕೆ ಅರ್ಜಿ ಬೇಡ, ನಕ್ಷೆ ಬೇಡ, ನೆರೆಯವರ ಅಭಿಪ್ರಾಯ ಬೇಡ. ಅದೇ ಗೋದಾಮಿನಲ್ಲಿ ನಾಲ್ಕು ಮೇಜು ಹಾಕಿ ಇಡ್ಲಿ ಬೇಯಿಸುತ್ತೇನೆ ಅಂತ ಹೇಳಿ ನೋಡಿ. ಬೀದಿಯ ಚೆಂದ, ನೆರೆಯವರ ನಿದ್ದೆ, ಪಾರ್ಕಿಂಗ್, ಕಸದ ಡಬ್ಬಿ, ಊರಿನ ಉದ್ಯೋಗ, ಎಲ್ಲಕ್ಕೂ ಒಂದೇ ದಿನ ಗಂಡಾಂತರ.

ಹೌದು, ಉದ್ಯೋಗಕ್ಕೂ. ಆ ವಿಷಯಕ್ಕೆ ಆಮೇಲೆ ಬರೋಣ.

1947ರಲ್ಲಿ ಅಲ್ಲಿ ಒಂದು ಕಾನೂನು ಬಂತು. ನೆಲ ನಿಮ್ಮದೇ, ಕಟ್ಟಡವೂ ನಿಮ್ಮದೇ, ಆದರೆ ಅದರ ಬಳಕೆ ಬದಲಾಯಿಸಬೇಕಾದರೆ ಸ್ಥಳೀಯ ಆಡಳಿತದ, ಅಂದರೆ ಕೌನ್ಸಿಲ್ಲಿನ, ಒಪ್ಪಿಗೆ ಬೇಕು. ಯುದ್ಧದಲ್ಲಿ ಊರಿಗೆ ಊರೇ ನೆಲಸಮವಾಗಿದ್ದ ಕಾಲ. ಮಕ್ಕಳು ಮಲಗುವ ಕೋಣೆಯ ಪಕ್ಕ ಕಾರ್ಖಾನೆ ಏಳಬಾರದು ಅಂದರೆ ಇಂಥದ್ದೊಂದು ಬೇಕೇ ಬೇಕಿತ್ತು, ಒಪ್ಪೋಣ. ಈಗ ಜಾರಿಯಲ್ಲಿರುವುದು 1990ರ ಕಾಯ್ದೆ. ಅದರ ಜೊತೆಗೆ ಯಾವ ಕಟ್ಟಡ ಯಾವ ಜಾತಿ ಅಂತ ಹೇಳುವ ಒಂದು ಪಟ್ಟಿ ಇದೆ. ನಮ್ಮವರಿಗೆ ಜಾತಿಪಟ್ಟಿ ಬೇಗ ಅರ್ಥವಾಗುತ್ತದೆ, ಅಲ್ವಾ?

2020ರ ಸೆಪ್ಟೆಂಬರ್ 1ರಂದು ಸರ್ಕಾರ ಈ ಪಟ್ಟಿಯನ್ನು ಸಡಿಲ ಮಾಡಿತು. ಅಂಗಡಿ, ಬ್ಯಾಂಕು, ಆಫೀಸು, ಜಿಮ್, ಕ್ಲಿನಿಕ್, ಶಿಶುವಿಹಾರ, ರೆಸ್ಟೋರೆಂಟ್ ಎಲ್ಲವನ್ನೂ 'ಇ' ಅನ್ನುವ ಒಂದೇ ವರ್ಗಕ್ಕೆ ಸೇರಿಸಿತು. ಹಳೆಯ ಅನುಮತಿಯಲ್ಲಿ ಅಡ್ಡಗಾಲು ಹಾಕುವ ಷರತ್ತು ಇಲ್ಲದಿದ್ದರೆ, ನಿನ್ನೆ ಬ್ಯಾಂಕು ಇದ್ದಲ್ಲಿ ಇವತ್ತು ದೋಸೆ ಹೊಯ್ಯಬಹುದು. ಬಳಕೆ ಬದಲಾವಣೆಗೆ ಅರ್ಜಿಯೇ ಬೇಡ. ಬಹಳ ಖುಷಿಯ ಸುದ್ದಿ. ಒಂದೇ ತೊಡಕು, ದೋಸೆ ಹೊಯ್ದರೆ ಹೊಗೆ ಬರುತ್ತದೆ. ಹೊಗೆ ಹೊರಗೆ ಹೋಗಲು ಕೊಳವೆ ಬೇಕು. ಕೊಳವೆ ಹಾಕಿದರೆ ಕಟ್ಟಡದ ಹೊರನೋಟ ಬದಲಾಗುತ್ತದೆ. ಹೊರನೋಟ ಬದಲಾದರೆ ಅರ್ಜಿ ಹಾಕಬೇಕು. ಹೀಗಾಗಿ ನೀವು ಅಪ್ಪಣೆಯಿಲ್ಲದೆ ರೆಸ್ಟೋರೆಂಟ್ ಆಗಬಹುದು, ಅಡುಗೆ ಮಾಡುವ ಹಾಗಿಲ್ಲ.

ಇನ್ನು ಪಾರ್ಸೆಲ್. ಮೇಜಿನ ಮುಂದೆ ಕೂತು ತಿಂದರೆ ನೀವು 'ಇ' ವರ್ಗದ ಮರ್ಯಾದಸ್ಥ ಗ್ರಾಹಕ. ಅದೇ ಬಿಸಿ ಊಟವನ್ನು ಕಟ್ಟಿಸಿಕೊಂಡು ಹೋಗುವುದೇ ಮುಖ್ಯ ವ್ಯಾಪಾರ ಅಂತಾದರೆ ಆ ಜಾಗ ಯಾವ ವರ್ಗಕ್ಕೂ ಸೇರದವರ ಸಾಲಿಗೆ ಹೋಗುತ್ತದೆ. ಆ ಸಾಲಿನಲ್ಲಿ ಇನ್ನು ಯಾರಿದ್ದಾರೆ? ಪೆಟ್ರೋಲ್ ಬಂಕು, ಗುಜರಿ ಅಂಗಳ, ಕ್ಯಾಸಿನೊ, ನೈಟ್ ಕ್ಲಬ್. ಪಾಪ, ಬಟ್ಟೆ ಒಗೆಯುವ ಲಾಂಡ್ರಿಯೂ ಇದೆ. 2020ರ ಮಾರ್ಚ್ 24ರಂದು ಮಾತ್ರ ಒಂದು ಪವಾಡ ನಡೆಯಿತು. ಕೊರೊನಾ ಬಂತು, ರೆಸ್ಟೋರೆಂಟುಗಳೆಲ್ಲ ಅರ್ಜಿ ಹಾಕದೆ ಪಾರ್ಸೆಲ್ ಕೊಡಬಹುದು ಅಂತ ಸರ್ಕಾರ ಹೇಳಿತು. 2022ರ ಮಾರ್ಚ್ 23ರವರೆಗೂ ಆ ಅವಕಾಶ ಇತ್ತು. ಎರಡು ವರ್ಷ ದೇಶವೆಲ್ಲ ಕಟ್ಟಿಸಿಕೊಂಡು ಹೋಗಿ ತಿಂದಿತು. ಬೀದಿಗಳ ಘನತೆಗೆ ಏನೂ ಆಗಲಿಲ್ಲ. ಮಾರ್ಚ್ 24ರ ಬೆಳಿಗ್ಗೆ ಪೊಟ್ಟಣ ಮತ್ತೆ ಅಪಾಯಕಾರಿಯಾಯಿತು.

ನಮ್ಮ ಗೋದಾಮಿಗೆ ಬರೋಣ. ಗೋದಾಮು 'ಇ' ವರ್ಗದಲ್ಲಿಲ್ಲ, ಅದು 'ಬಿ8'. ಹಾಗಾಗಿ ಪೂರ್ತಿ ಅರ್ಜಿ ಹಾಕಬೇಕು. ಹಾಕಿದಿರಿ. ತಿರಸ್ಕಾರವಾಯಿತು. ಕಾರಣ ನಂಬರ್ ಒಂದು: ಇದರಿಂದ ಊರಿನ ಉದ್ಯೋಗದ ಜಾಗ ನಷ್ಟವಾಗುತ್ತದೆ.

ಇದನ್ನು ನಿಧಾನವಾಗಿ ಓದಬೇಕು. ಅನೇಕ ಕೌನ್ಸಿಲ್ಲುಗಳ ಸ್ಥಳೀಯ ಯೋಜನೆಯಲ್ಲಿ ಗೋದಾಮು, ಕಾರ್ಖಾನೆ ಇವೆಲ್ಲ 'ಉದ್ಯೋಗದ ಜಾಗ' ಅಂತ ಕಾಯ್ದಿಟ್ಟ ಆಸ್ತಿ. ಅಲ್ಲಿ ಯಾರೂ ಕೆಲಸ ಮಾಡುತ್ತಿಲ್ಲ. ಕೆಲಸಗಾರರು ಬಿಟ್ಟು ಹೋಗಿ ಎಷ್ಟೋ ಕಾಲವಾಗಿದೆ. ಆದರೂ ಅದು ಉದ್ಯೋಗ. ರೆಸ್ಟೋರೆಂಟ್ ಬಂದರೆ ಅಡುಗೆಯವರು, ಬಡಿಸುವವರು, ಪಾತ್ರೆ ತೊಳೆಯುವವರು, ಗಲ್ಲಾದಲ್ಲಿ ಕೂರುವವರು ಬರುತ್ತಾರೆ. ತಿಂಗಳಿಗೆ ಸಂಬಳ ತಗೊಳ್ಳುತ್ತಾರೆ. ಆ ನೀತಿಯ ಲೆಕ್ಕದಲ್ಲಿ ಅದು ಉದ್ಯೋಗವಲ್ಲ, ಊಟ. ಸಂಬಳ ಬರುವ ಕೆಲಸದಿಂದ, ಇಲ್ಲದ ಕೆಲಸವನ್ನು ಕಾಪಾಡುವುದು ಕೌನ್ಸಿಲ್ಲಿನ ಹೊಣೆ.

ಇದಕ್ಕೂ ಪರಿಹಾರ ಇದೆ. ಈ ಗೋದಾಮು ಗೋದಾಮಾಗಿ ಯಾರಿಗೂ ಬೇಡ ಅಂತ ನೀವು ಸಾಬೀತು ಮಾಡಬೇಕು. ಹಲವು ಕಡೆ ಅದಕ್ಕೆ ಒಂದು ವರ್ಷ, ಕೆಲವು ಕಡೆ ಇನ್ನೂ ಜಾಸ್ತಿ, 'ಬಾಡಿಗೆಗೆ ಇದೆ' ಅಂತ ಬೋರ್ಡು ಹಾಕಿ, ಏಜೆಂಟರಿಗೆ ಹಣ ಕೊಟ್ಟು, ಜಾಹೀರಾತು ಮಾಡಿ ಕಾಯಬೇಕು. ಬಾಡಿಗೆ ಜಾಸ್ತಿ ಕೇಳಿದಿರೋ ಅಂತಲೂ ನೋಡುತ್ತಾರೆ. ಯಾರೂ ಬರದಿದ್ದರೆ ನೀವು ಗೆದ್ದಿರಿ. ಬಾಡಿಗೆದಾರ ಬರದಿರಲಿ ಅಂತ ದೇವರಿಗೆ ಹರಕೆ ಹೊರುವ ಕಟ್ಟಡದ ಮಾಲೀಕರು ಬೇರೆಲ್ಲಾದರೂ ಇದ್ದಾರೆಯೇ?

ಕಾರಣ ನಂಬರ್ ಎರಡು: ರೆಸ್ಟೋರೆಂಟ್ ಅನ್ನುವುದು ಊರ ನಡುವೆ ಇರಬೇಕಾದದ್ದು. ರಾಷ್ಟ್ರೀಯ ಯೋಜನಾ ನೀತಿಯ ಪ್ರಕಾರ ಮೊದಲು ಊರ ನಡುವೆ ಜಾಗ ಹುಡುಕಬೇಕು, ಸಿಗದಿದ್ದರೆ ಅದರ ಅಂಚಿನಲ್ಲಿ, ಅಲ್ಲೂ ಇಲ್ಲದಿದ್ದರೆ ಮಾತ್ರ ಹೊರಗೆ. ಹುಡುಕಿದ್ದಕ್ಕೆ ವರದಿ ಕೊಡಬೇಕು. ಸರಿ, ಊರ ನಡುವೆಯೇ ಹೋಗೋಣ ಅಂದುಕೊಳ್ಳಿ. ಅಲ್ಲಿ ಅಂಗಡಿಗಳ ಮೇಲೆ ಮನೆಗಳಿವೆ. ಆ ಮನೆಗಳಲ್ಲಿ ಮೂಗುಗಳಿವೆ.

ಮೂಗಿನ ವಿಷಯದಲ್ಲಿ ಇಂಗ್ಲಿಷರು ಶಿಸ್ತಿನವರು. 2005ರಲ್ಲಿ ಅಲ್ಲಿನ ಪರಿಸರ ಇಲಾಖೆ ಡೆಫ್ರಾ, ಹೋಟೆಲ್ ಅಡುಗೆಮನೆಗಳ ವಾಸನೆ ಮತ್ತು ಸದ್ದಿನ ಬಗ್ಗೆ ಒಂದು ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಅಡುಗೆಗೆ ಅಂಕ ಕೊಡುವ ಕೋಷ್ಟಕ ಇತ್ತು. ಅಂಕ ಜಾಸ್ತಿ ಆದಷ್ಟೂ ವಾಸನೆ ತಡೆಯುವ ಯಂತ್ರ ದುಬಾರಿ. ಫ್ರೆಂಚ್, ಇಟಾಲಿಯನ್, ಪಿಜ್ಜಾ, ಸ್ಟೀಕ್ ಮನೆಗಳಿಗೆ 1 ಅಂಕ. ಚೈನೀಸ್, ಜಪಾನೀಸ್ 4. ಕಬಾಬ್, ಥಾಯ್, ವಿಯೆಟ್ನಾಂ ಮತ್ತು ಇಂಡಿಯನ್ 7. ಫಿಶ್ ಅಂಡ್ ಚಿಪ್ಸ್, ಬರ್ಗರ್, ಕರಿದ ಕೋಳಿಗೆ 10. ತಮ್ಮದೇ ಊಟಕ್ಕೆ ಹತ್ತಕ್ಕೆ ಹತ್ತು ಕೊಟ್ಟುಕೊಂಡಿದ್ದಾರೆ, ಪಕ್ಷಪಾತ ಅನ್ನುವ ಹಾಗಿಲ್ಲ. ಆದರೆ ಬೇಯಿಸದ ಮೀನು ತಿನ್ನಿಸುವ ಜಪಾನೀಯರಿಗೆ 4 ಯಾಕೆ? ಕಾದ ಕಬ್ಬಿಣದ ಮೇಲೆ ಮಾಂಸ ಹೊಗೆಯಾಡಿಸುವವನಿಗೆ 1 ಸಿಕ್ಕಿ, ಬರೀ ಆವಿಯಲ್ಲಿ ಬೇಯುವ ಇಡ್ಲಿಗೆ 7 ಹೇಗೆ ಬಂತು? ಇಡ್ಲಿಗಲ್ಲ ಸ್ವಾಮಿ, ಪಕ್ಕದ ಸಾಂಬಾರಿನ ಒಗ್ಗರಣೆಗೆ ಅನ್ನಬಹುದು. ಸಾಸಿವೆ, ಇಂಗು, ಕರಿಬೇವು ಎಣ್ಣೆಗೆ ಬಿದ್ದ ಗಳಿಗೆಯಲ್ಲಿ ಬೀದಿಗೆಲ್ಲ ಹಸಿವಾಗುತ್ತದೆ ಅನ್ನುವುದು ನಿಜವೇ. ಅದು ದೂರಾಗಿ ದಾಖಲಾಗುತ್ತದೆ ಅಷ್ಟೇ.

ಆ ಮಾರ್ಗಸೂಚಿಯನ್ನು 2017ರಲ್ಲಿ ಹಿಂತೆಗೆದುಕೊಂಡರು. ಸತ್ತಿತು ಅಂದುಕೊಂಡಿರಾ? ಖಾಸಗಿ ಸಲಹೆಗಾರರ ಹೊಸ ಕೈಪಿಡಿಯಲ್ಲಿ ಅದರ ಲೆಕ್ಕಾಚಾರ ಪುನರ್ಜನ್ಮ ಪಡೆಯಿತು. ಈಗ ಅಂಕ ಹಾಕಿಸಿಕೊಳ್ಳುವುದಕ್ಕೂ ನೀವೇ ಹಣ ಕೊಟ್ಟು ವಾಸನೆ ತಜ್ಞರನ್ನು ಕರೆಸಬೇಕು.

ತಜ್ಞರು ಬಂದು ಕೊಳವೆ ಎತ್ತರ ಇರಲಿ ಅನ್ನುತ್ತಾರೆ. ಛಾವಣಿಯ ತುದಿಗಿಂತ ಕನಿಷ್ಠ ಒಂದು ಮೀಟರ್ ಮೇಲೆ ಇದ್ದರೆ ವಾಸನೆ ಗಾಳಿಯಲ್ಲಿ ಚದುರುತ್ತದೆ. ಕೌನ್ಸಿಲ್ಲಿನ ಆರೋಗ್ಯ ವಿಭಾಗಕ್ಕೂ ಅದೇ ಬೇಕು. ನೀವು ಎತ್ತರದ ಕೊಳವೆ ಬರೆದು ನಕ್ಷೆ ಕೊಟ್ಟರೆ ಅದೇ ಕೌನ್ಸಿಲ್ಲಿನ ವಿನ್ಯಾಸ ವಿಭಾಗ ಕಣ್ಣು ಕೆಂಪು ಮಾಡುತ್ತದೆ. ಹೊಳೆಯುವ ಸ್ಟೀಲ್ ಕೊಳವೆ ಬೀದಿಯ ಗುಣ ಮತ್ತು ನೋಟಕ್ಕೆ ಧಕ್ಕೆ. ತಗ್ಗಿಸಿದರೆ ಮೂಗಿಗೆ ತೊಂದರೆ, ಏರಿಸಿದರೆ ಕಣ್ಣಿಗೆ ತೊಂದರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವುದನ್ನು ನಾವು ಗಾದೆ ಮಾಡಿಕೊಂಡೆವು, ಅವರು ಇಲಾಖೆಗಳನ್ನೇ ಮಾಡಿಕೊಂಡರು. ಎರಡು ವಿಭಾಗಗಳೂ ಒಂದೇ ಮಹಡಿಯಲ್ಲಿ ಕೂತಿರಬಹುದು. ಮಾತಾಡುವುದು ಮಾತ್ರ ನಿಮ್ಮ ಅರ್ಜಿಯ ಮೂಲಕ.

ನೆರೆಯವರಿಗೆ ಆಕ್ಷೇಪ ಹೇಳಲು 21 ದಿನ ಕೊಡುತ್ತಾರೆ. ಇಲ್ಲಿ ಒಂದು ಒಳ್ಳೆಯ ನಿಯಮ ಇದೆ. 'ನನ್ನ ಹೋಟೆಲಿಗೆ ಪೈಪೋಟಿ ಆಗುತ್ತದೆ' ಅಂದರೆ ಅದು ಲೆಕ್ಕಕ್ಕಿಲ್ಲ. 'ನನ್ನ ಮನೆಯ ಬೆಲೆ ಇಳಿಯುತ್ತದೆ' ಅಂದರೂ ಇಲ್ಲ. ಸದ್ದು, ವಾಸನೆ, ವಾಹನ ದಟ್ಟಣೆ ಇಂಥವು ಮಾತ್ರ ಲೆಕ್ಕಕ್ಕಿವೆ. ಆದ್ದರಿಂದ ಎದುರು ಬೀದಿಯ ಹೋಟೆಲ್ ಮಾಲೀಕನಿಗೆ ಇದ್ದಕ್ಕಿದ್ದ ಹಾಗೆ ಪಾರ್ಕಿಂಗ್ ಬಗ್ಗೆ ಅತೀವ ಕಾಳಜಿ ಹುಟ್ಟುತ್ತದೆ. ಇಷ್ಟು ವರ್ಷ ಆ ಬೀದಿಯಲ್ಲಿ ಎಷ್ಟು ಕಾರು ನಿಲ್ಲುತ್ತವೆ ಅಂತ ಆತ ನೋಡಿಯೂ ಇರಲಿಲ್ಲ.

ಇದನ್ನೆಲ್ಲ ತೀರ್ಮಾನ ಮಾಡಲು ಕೌನ್ಸಿಲ್ಲಿಗೆ ಎಂಟು ವಾರ ಗಡುವು. ಏಳನೇ ವಾರದ ಕೊನೆಗೆ ಒಂದು ವಿನಯದ ಇಮೇಲ್ ಬರುವುದುಂಟು: ದಯವಿಟ್ಟು ಗಡುವು ಮುಂದೂಡಲು ಒಪ್ಪುತ್ತೀರಾ? ಒಪ್ಪಿದರೆ, ಎಷ್ಟೇ ತಡವಾದರೂ, ಹೊಸ ಗಡುವಿನೊಳಗೆ ಮುಗಿದರೆ ಸರ್ಕಾರಿ ಅಂಕಿಅಂಶದಲ್ಲಿ ಅದು 'ಸಮಯಕ್ಕೆ ಸರಿಯಾಗಿ' ಮುಗಿದ ಅರ್ಜಿ. ಒಪ್ಪದಿದ್ದರೆ? ಎಂಟನೇ ವಾರವೇ ತಿರಸ್ಕಾರ ಕೈಗೆ ಬರಬಹುದು. ಎಲ್ಲರೂ ಒಪ್ಪುತ್ತಾರೆ.

ಒಪ್ಪಿಯೂ ತಿರಸ್ಕಾರವೇ ಬಂತು ಅನ್ನಿ. ಈಗ ಎರಡು ದಾರಿ. ಕೌನ್ಸಿಲ್ ಹೇಳಿದ್ದನ್ನೆಲ್ಲ ತಿದ್ದಿಕೊಂಡು ಹೊಸ ಅರ್ಜಿ ಹಾಕುವುದು ಒಂದು. ಮೊದಲು ಒಂದು ಸಲ ಹಾಗೆ ಪುಕ್ಕಟೆಯಾಗಿ ಹಾಕಬಹುದಿತ್ತು. 2023ರ ಡಿಸೆಂಬರಿನಿಂದ ಆ ರಿಯಾಯಿತಿ ಇಲ್ಲ, ಶುಲ್ಕ ಮತ್ತೆ ಕಟ್ಟಬೇಕು. ಇನ್ನೊಂದು ದಾರಿ, ಆರು ತಿಂಗಳೊಳಗೆ ಮೇಲ್ಮನವಿ. ಅದಕ್ಕೆ ಶುಲ್ಕ ಇಲ್ಲ. ರಾಜಿಗೆ ಹಣ ಕೊಡಬೇಕು, ಜಗಳ ಪುಕ್ಕಟೆ. ಆಮೇಲೆ ಮೇಲ್ಮನವಿಗಳು ರಾಶಿ ಬಿದ್ದಿವೆ ಅಂತ ಅವರೇ ಕೊರಗುತ್ತಾರೆ.

ಮೇಲ್ಮನವಿ ಹೋಗುವುದು ಬ್ರಿಸ್ಟಲ್ಲಿನ ಪ್ಲಾನಿಂಗ್ ಇನ್‌ಸ್ಪೆಕ್ಟರೇಟಿಗೆ. ಅಲ್ಲಿಂದ ಒಬ್ಬ ಇನ್‌ಸ್ಪೆಕ್ಟರ್ ನೇಮಕವಾಗುತ್ತಾರೆ. ಕೌನ್ಸಿಲ್ ಏನೇ ಹೇಳಿರಲಿ, ಇಡೀ ವಿಷಯವನ್ನು ಅವರು ಹೊಸದಾಗಿ ನೋಡುತ್ತಾರೆ. ವ್ಯವಸ್ಥೆ ಚೆನ್ನಾಗಿಯೇ ಇದೆ, ಸುಮ್ನೆ ಹೊಗಳುತ್ತಿಲ್ಲ. ಸಣ್ಣ ಪ್ರಕರಣಗಳೆಲ್ಲ ಬಹುತೇಕ ಕಾಗದದಲ್ಲೇ ನಡೆಯುತ್ತವೆ. ಮಜಾ ಇರುವುದು ಸ್ಥಳ ಪರಿಶೀಲನೆಯಲ್ಲಿ. ಇನ್‌ಸ್ಪೆಕ್ಟರ್ ಗೋದಾಮಿಗೆ ಬರುತ್ತಾರೆ. ಒಳಗೆ ಹೋಗಬೇಕಾದರೆ ನೀವೂ ಇರುತ್ತೀರಿ, ಕೌನ್ಸಿಲ್ಲಿನವರೂ ಇರಬಹುದು. ಆದರೆ ವಾದ ಮಾಡುವಂತಿಲ್ಲ. ಇರುವ ವಸ್ತುವನ್ನು ತೋರಿಸಬಹುದು, ಅಷ್ಟೇ. 'ಇದು ಕಿಟಕಿ.' 'ಅದು ಪಕ್ಕದ ಮನೆಯ ಗೋಡೆ.' 'ಅಲ್ಲಿ ಕೊಳವೆ ಬರುತ್ತದೆ.' ವರ್ಷದಿಂದ ಎದೆಯಲ್ಲಿ ಕುದಿಯುತ್ತಿರುವವನು ಇನ್‌ಸ್ಪೆಕ್ಟರ್ ಪಕ್ಕದಲ್ಲಿ ನಿಂತು ಕಿಟಕಿಯನ್ನು ಬೆರಳು ಮಾಡಿ ತೋರಿಸುತ್ತಾನೆ. 'ಉದ್ಯೋಗ ಎಲ್ಲಿದೆ ತೋರಿಸಿ' ಅಂತ ಕೌನ್ಸಿಲ್ಲಿನವರನ್ನು ಕೇಳುವ ಆಸೆ. ಕೇಳಿದರೆ ಅದು ವಾದ. ಖಾಲಿ ನೆಲವನ್ನು ಮಾತ್ರ ತೋರಿಸಬಹುದು.

ಮೇಲ್ಮನವಿಗಳಲ್ಲಿ ಹೆಚ್ಚಿನವು ಸೋಲುತ್ತವೆ. ಸೋತರೆ ಹೈಕೋರ್ಟಿಗೆ ಹೋಗಲು ಆರು ವಾರ ಇದೆ, ಅದೂ ಇನ್‌ಸ್ಪೆಕ್ಟರ್ ಕಾನೂನಿನಲ್ಲಿ ತಪ್ಪಿದ್ದರೆ ಮಾತ್ರ. ಸಾಂಬಾರಿನ ಬಗ್ಗೆ ತಪ್ಪು ತಿಳಿದುಕೊಂಡಿದ್ದಾರೆ ಅನ್ನುವುದು ಕಾನೂನಿನ ತಪ್ಪಲ್ಲ.

ನೀವು ಗೆದ್ದಿರಿ ಅಂತಲೇ ಇಟ್ಟುಕೊಳ್ಳೋಣ. ಅನುಮತಿ ಪತ್ರ ಬಂತು. ಮೂರು ವರ್ಷದೊಳಗೆ ಕೆಲಸ ಶುರು ಮಾಡಬೇಕು. ತೆರೆಯುವ 28 ದಿನ ಮೊದಲು ಆಹಾರ ವ್ಯಾಪಾರ ಅಂತ ನೋಂದಣಿ ಮಾಡಿಸಬೇಕು. ಮದ್ಯ ಮಾರಿದರೆ ಪರವಾನಗಿ ಬೇಕು. ರಾತ್ರಿ 11ರ ನಂತರ ಬಿಸಿ ಊಟ ಮಾರಿದರೂ ಬೇಕು. ತಣ್ಣಗಿನ ಇಡ್ಲಿಗೆ ಬೇಡ. ಇವೆಲ್ಲ ಸಣ್ಣಪುಟ್ಟದ್ದು, ಮಾಡಿಕೊಳ್ಳಬಹುದು.

ಪತ್ರದ ಕೊನೆಯಲ್ಲಿ ಷರತ್ತುಗಳಿರುತ್ತವೆ. ಅವುಗಳಲ್ಲಿ ಒಂದು ಸಾಮಾನ್ಯವಾಗಿ ಹೀಗಿರುತ್ತದೆ: ಹೊಗೆ ಕೊಳವೆಯ ವಿವರಗಳನ್ನು ಸ್ಥಳೀಯ ಕೌನ್ಸಿಲ್ಲಿಗೆ ಸಲ್ಲಿಸಿ, ಅದರ ಲಿಖಿತ ಒಪ್ಪಿಗೆ ಪಡೆಯುವವರೆಗೆ ರೆಸ್ಟೋರೆಂಟ್ ತೆರೆಯಬಾರದು. ಅದೇ ಕೌನ್ಸಿಲ್. ಅದೇ ಎರಡು ವಿಭಾಗ. ಅರ್ಜಿಗೆ ಶುಲ್ಕ ಉಂಟು, ಎಂಟು ವಾರ ಗಡುವು ಉಂಟು. ಕೊಳವೆ ಎತ್ತರ ಜಾಸ್ತಿಯಾಯಿತು ಅಂತ ಅವರು ಬೇಡ ಅನ್ನಬಹುದು. ಹೆದರಬೇಡಿ, ಅದರ ಮೇಲೂ ಬ್ರಿಸ್ಟಲ್ಲಿಗೆ ಮೇಲ್ಮನವಿ ಹಾಕಬಹುದು. ಆರು ತಿಂಗಳು ಸಮಯ ಇದೆ. ಶುಲ್ಕ ಇಲ್ಲ.